ಕಲ್ಲುಗುಡಿ ಕಾಯ್ದ ಕಾಕಾ

ಈಚೆಗೆ ನಮ್ಮ ಓಣಿಯ ತುದಿಯಲ್ಲಿರುವ ಹಳೇ ಗೋದಾಮಿನ ಬಾಗಿಲು ತೆಗೆದರು. ಎಷ್ಟೋ ವರ್ಷದಿಂದ ಕೀಲಿ ಬಿದ್ದಿದ್ದ ಜಾಗ. ಬಾಗಿಲು ಕಿರುಗುಟ್ಟಿದ್ದೇ ತಡ, ಒಳಗಿನಿಂದ ಬಾವಲಿ ಹಿಕ್ಕೆಯ ವಾಸನೆ ಗಪ್ಪನೆ ಹೊರಗೆ ಬಂತು. ಓಣಿಯವರೆಲ್ಲ ಮೂಗಿಗೆ ಬಟ್ಟೆ ಹಿಡಿದು ಹಿಂದೆ ಸರಿದರು. ನಾನು ಮಾತ್ರ ಅಲ್ಲೇ ನಿಂತೆ. ಮೊಮ್ಮಗಳು ಬಂದು, "ಯಾಕ ಆಯಿ, ಆರಾಮ ಇಲ್ಲೇನು?" ಎಂದು ಕೈ ಹಿಡಿದಳು. ಆರಾಮವಾಗಿಯೇ ಇದ್ದೆ. ಆದರೆ ಆ ವಾಸನೆಯ ಜೊತೆಗೆ ಖಾಕಿ ಕೋಟು ತೊಟ್ಟ ಒಬ್ಬ ಮನುಷ್ಯನೂ ಹೊರಗೆ ಬಂದಂತಾಯಿತು... ಅವನ ಕೋಟಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ನನ್ನದು ಚಿಕ್ಕಂದಿನಿಂದಲೂ ಸಂಶಯದ ಸ್ವಭಾವ. ಹಾಲಿನವಳು ನಕ್ಕು ಮಾತಾಡಿಸಿದರೆ ಇವತ್ತು ಹಾಲಿಗೆ ನೀರು ಹೆಚ್ಚು ಬಿದ್ದಿದೆ ಎಂದುಕೊಳ್ಳುವವಳು ನಾನು. ಮದುವೆಯಾಗಿ ಗಜೇಂದ್ರಗಡ ಬಿಟ್ಟು ರೋಣದ ಕಡೆಯ ಆ ಹಳ್ಳಿಗೆ ಹೋದಾಗ, ಅಲ್ಲಿಯವರು ನನಗಿಂತ ಒಂದು ಕೈ ಮೇಲು ಎಂದು ತಿಳಿದು ಸಮಾಧಾನವಾಯಿತು. ಹೊಸ ಮುಖ ಕಂಡರೆ ಊರಿಗೆ ಊರೇ ಕಿವಿ ನಿಗುರಿಸುತ್ತಿತ್ತು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊತ್ತು ಅದು. ಯಾವ ಸಾಹೇಬ ಯಾವ ಸರಕಾರದವನು, ಯಾಕೆ ಬಂದಿದ್ದಾನೆ, ಏನು ಒಯ್ಯುತ್ತಾನೆ ಎನ್ನುವುದೇ ಕಟ್ಟೆಯ ಮೇಲಿನ ಮಾತು.

ನಾವು ನೇಕಾರರು. ಅಲ್ಲಿಯ ನಮ್ಮ ಓಣಿಯ ಹಿಂದೆಯೇ ಊರಿನ ಕಲ್ಲುಗುಡಿ. ಯಾವ ರಾಜ ಕಟ್ಟಿಸಿದ್ದೋ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ಹಿಂದಕಿನವರು" ಎನ್ನುತ್ತಿದ್ದರು, ಅಷ್ಟೇ. ಕರೀ ಕಲ್ಲಿನ ಕಂಬಗಳು, ಕೈಯಿಟ್ಟರೆ ಜಾರುವಷ್ಟು ನುಣುಪು. ಗರ್ಭಗುಡಿಯಲ್ಲಿ ದೇವರಿರಲಿಲ್ಲ, ಪೀಠ ಮಾತ್ರ ಇತ್ತು. ಮಂಟಪದ ಅರ್ಧಕ್ಕೆ ದನಕ್ಕೆಂದು ರೈತರು ಒಟ್ಟಿದ ಜೋಳದ ಕಣಿಕೆ, ಮೂಲೆಯಲ್ಲಿ ಯಾರದೋ ಎಮ್ಮೆ, ಮಾಡಿನ ಸಂದಿಯಲ್ಲಿ ಬಾವಲಿಗಳು. ಉಳಿದ ಜಾಗದಲ್ಲಿ ನಮ್ಮ ಗಂಡಸರು ಸೀರೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಕಂಬದಿಂದ ಕಂಬಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಆ ಕೆಲಸ ಒಬ್ಬನಿಂದ ಆಗುವುದಲ್ಲ. ಉದ್ದಕ್ಕೂ ಜನ ನಿಂತು, ಗಂಜಿ ಒಣಗುವುದರೊಳಗೆ ಎಳೆ ಎಳೆ ಬಿಡಿಸಬೇಕು. ಇವತ್ತು ನಿನ್ನ ಹಾಸಿನ ಕೆಲಸಕ್ಕೆ ನಾನು ಬಂದರೆ ನಾಳೆ ನನ್ನದಕ್ಕೆ ನೀನು. ಅದಕ್ಕೆ ಕೂಲಿ ಗೀಲಿ ಇಲ್ಲ, ಕರೆದರೆ ಬರಬೇಕು.

ಒಂದು ದಿನ ಜೀಪು ಬಂತು. ಒಬ್ಬ ಸಾಹೇಬ ಇಳಿದು ಗುಡಿಯನ್ನು ಟೇಪು ಹಿಡಿದು ಅಳೆದ. ತಲೆಯ ಮೇಲೆ ಕರೀ ಬಟ್ಟೆ ಹೊದ್ದುಕೊಂಡು ಒಂದೊಂದು ಮೂಲೆಯ ಫೋಟೋ ತೆಗೆದ. ಅಳತೆ ಯಾಕೆ? ನಿಧಿ ಎಲ್ಲಿದೆ ಎಂದು ಲೆಕ್ಕ ಹಾಕಲು. ಬಟ್ಟೆ ಯಾಕೆ? ನೆಲದೊಳಗಿನ ಬಂಗಾರ ಕತ್ತಲೆಯಲ್ಲೇ ಕಾಣುವುದು. ಹೀಗೆ ಊರು ಅರ್ಥ ಮಾಡಿಕೊಂಡಿತು. ನಾನೂ ಹಾಗೇ ಅರ್ಥ ಮಾಡಿಕೊಂಡಿದ್ದೆ. ಕೆಲವು ದಿನಕ್ಕೆ ಕಣಿಕೆ ಹೊರಬಿತ್ತು, ಎಮ್ಮೆ ಹೊರಬಿತ್ತು. ನೀಲಿ ಬೋರ್ಡು ನೆಟ್ಟರು. ಇದು ಸರಕಾರ ರಕ್ಷಿಸಿದ ಗುಡಿ, ಇದರ ಕಲ್ಲು ತೆಗೆದವರಿಗೆ, ಕೆಡಿಸಿದವರಿಗೆ ಶಿಕ್ಷೆ ಎಂದು ಅದರ ಮೇಲೆ ಬರೆದಿತ್ತು. ಗುಡಿ ಕಾಯಲು ಊರಿನವನೇ ಒಬ್ಬ ಬೇಕು ಎಂದಾಗ ಹಿರಿಯರು ನಮ್ಮ ಮಗ್ಗುಲ ಮನೆಯ ಕಾಕಾನನ್ನು ಮುಂದೆ ಮಾಡಿದರು.

ಕಾಕಾ ನಮ್ಮವನೇ, ನೇಕಾರ. ಮೊಣಕಾಲು ಹಿಡಿದು ಮಗ್ಗದ ಕುಣಿಯೊಳಗೆ ಇಳಿಯುವುದು ಕಷ್ಟವಾಗಿತ್ತು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ. ಹಾಸಿನ ಎಳೆಗೆ ಗಂಜಿ ಹಚ್ಚುವಾಗ ಅವನ ಚೇಷ್ಟೆಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಒಳಗಿನವನೊಬ್ಬ ಅಲ್ಲಿದ್ದರೆ ಸಾಹೇಬನ ಸಂಚು ತಿಳಿದೀತು ಎಂಬುದು ಹಿರಿಯರ ಲೆಕ್ಕ. ಆದರೆ ಖಾಕಿ ಕೋಟು ಮೈಮೇಲೆ ಬಿದ್ದದ್ದೇ ಕಾಕಾ ಬೇರೆಯಾದ. ಕಂಬಕ್ಕೆ ಹಗ್ಗ ಕಟ್ಟಬೇಡಿ ಎಂದ. ಹಾಸನ್ನು ಹೊರಗೆ ಬಯಲಲ್ಲಿ ಗೂಟ ಹೊಡೆದು ಎಳೆಯಿರಿ ಎಂದ. ಕಂಬದ ಸೊಂಟದಲ್ಲಿ ಹಗ್ಗ ಸವೆಸಿದ ಗೀರುಗಳನ್ನು ತೋರಿಸಿ, "ಇವನ್ನ ನಾವs ಕೊರದೀವಲ್ಲೋ" ಎಂದು ಬೈದ. ಊರಿಗೆ ಸಂಶಯ ಬಂತು. ನಮ್ಮವನು ಇಷ್ಟು ಲಗೂನೆ ಅವರವನಾದದ್ದು ಹೇಗೆ?

ಇನ್ನು ನನ್ನ ಮಾತಿಗೆ ಬರುತ್ತೇನೆ. ಮದುವೆಯಾಗಿ ವರ್ಷಗಳಾಗಿದ್ದವು, ಮಡಿಲು ತುಂಬಿರಲಿಲ್ಲ. ಶಿರೋಳದಲ್ಲಿ ಒಂದು ಹುಡುಗಿ ಇದ್ದಾಳೆ ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು. ಹಾಗೆ ಎರಡನೆಯದು ಮಾಡಿಕೊಳ್ಳಲು ಬರುವುದಿಲ್ಲ, ಕಾಯ್ದೆ ಆಗಿದೆ ಎಂದು ಹೇಳುವವರು ಹೇಳಿದರು. ಕೇಳುವವರು ಯಾರು? ಗಂಡ ನನ್ನ ಮುಖ ನೋಡುವುದನ್ನು ಬಿಟ್ಟಿದ್ದ. ಅತ್ತೆ ಕೆಟ್ಟವಳಲ್ಲ. ಒಂದು ಮಧ್ಯಾಹ್ನ ಕದಿರು ಸುತ್ತುತ್ತ ನನ್ನ ಕಡೆ ನೋಡದೆ, "ಗಣಪ್ಪ ಗೂಡಿನ್ಯಾಗs ಕುಂತಾನ ನೋಡು. ಭಾಳ ದಿನಾತು, ಯಾರ ಮನಿಗೂ ಹೋಗಿಲ್ಲ" ಎಂದಳು.

ಅಷ್ಟು ಸಾಕಾಗಿತ್ತು. ಕಲ್ಲುಗುಡಿಯ ಗೋಡೆಯ ಗೂಡಿನಲ್ಲಿ ತೆಂಗಿನಕಾಯಿ ಗಾತ್ರದ ಒಂದು ಗಣಪ್ಪ ಇದ್ದ. ಎಣ್ಣೆ ಕುಡಿದು ಕುಡಿದು ಸೊಂಡಿಲು ಕಣ್ಣು ಅಳಿಸಿಹೋಗಿದ್ದವು. ಮಕ್ಕಳಾಗದ ಹೆಣ್ಣುಮಕ್ಕಳು ಅವನನ್ನು ಯಾರಿಗೂ ಕಾಣದಂತೆ ಉಡಿಯಲ್ಲಿ ಕರೆದುಕೊಂಡು ಬಂದು, ಮನೆಯಲ್ಲಿ ಜೋಳದೊಳಗೆ ಹುಗಿದಿಡುತ್ತಿದ್ದರು. ಕೂಸು ಹುಟ್ಟಿ ಹೆಸರಿಟ್ಟ ಮೇಲೆ ಹಾಗೇ ಗುಟ್ಟಾಗಿ ತಿರುಗಿ ಕೂಡಿಸಿ ಬರುತ್ತಿದ್ದರು. ನಡುವೆಯೇ ತಿರುಗಿ ಒಯ್ದಿಟ್ಟರೆ ಬಸಿರು ನಿಲ್ಲುವುದಿಲ್ಲ. ಇನ್ನೊಂದು ಕಟ್ಟೂ ಇತ್ತು. ಆ ಮಗು ಬದುಕಿರುವ ತನಕ, ಗಣಪ್ಪ ಯಾರ ಮನೆಗೆ ಹೋಗಿದ್ದ ಎಂದು ಯಾರೂ ಬಾಯಿ ಬಿಡಬಾರದು. ಬಿಟ್ಟರೆ ಗಣಪ್ಪ ಕೊಟ್ಟದ್ದನ್ನು ವಾಪಸು ಕೇಳುತ್ತಾನೆ. ಇದಕ್ಕೆ ಕಳವು ಎಂದು ಯಾರೂ ಎನ್ನುತ್ತಿರಲಿಲ್ಲ. ಗೂಡು ಖಾಲಿ ಕಂಡರೆ ಹೆಂಗಸರು "ಗಣಪ್ಪ ಬೀಗರ ಊರಿಗೆ ಹೋಗ್ಯಾನ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಕಣಿಕೆಯ ಹಿಂದಿನ ಆ ಗೂಡು ಗಂಡಸರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ಕಣಿಕೆ ಇರಲಿಲ್ಲ. ಗೂಡು ಗುಡಿಸಿ ತೊಳೆದು ಬಾಗಿಲಿನಿಂದಲೇ ಎದ್ದು ಕಾಣುತ್ತಿತ್ತು. ಎದುರಿಗೆ ಕಾಕಾ ಕೂತಿರುತ್ತಿದ್ದ.

ಅವನು ಊಟಕ್ಕೆ ಮನೆಗೆ ಹೋಗುವ ಹೊತ್ತು ನೋಡಿ ಹೋದೆ. ನಡುಮಧ್ಯಾಹ್ನ. ಗಣಪ್ಪ ನಾನು ಎಣಿಸಿದ್ದಕ್ಕಿಂತ ಭಾರವಿದ್ದ, ತಣ್ಣಗಿದ್ದ. ಉಡಿಯಲ್ಲಿಟ್ಟು ಮೇಲೆ ಒಂದು ಬೊಗಸೆ ಜೋಳ ಸುರಿದುಕೊಂಡು ಹೊರಬಿದ್ದೆ. ಬಾಗಿಲಲ್ಲೇ ಕಾಕಾ ಎದುರಾದ.

"ಉಡ್ಯಾಗ ಏನವಾ ತಂಗಿ?"

ದೊಡ್ಡವರ ಮುಂದೆ ಮಾತಾಡಿ ರೂಢಿಯಿಲ್ಲ. ಸೆರಗು ಎಳೆದುಕೊಂಡು, "ಜ್ವಾಳರಿ. ಪಾರಿವಾಳಕ್ಕ ಹಾಕಾಕ ತಂದಿದ್ದೆ, ಉಳದಾವ" ಎಂದೆ.

ಅವನು ನನ್ನ ಉಡಿಯನ್ನು ನೋಡಿದ. ಆಮೇಲೆ ನನ್ನ ಹೆಗಲ ಮೇಲಿಂದ ಗೂಡಿನ ಕಡೆ ನೋಡಿದ.

"ಜ್ವಾಳ ಗಟ್ಟಿ ಅದಾವು ಕಾಣತೈತಿ, ಬಗ್ಗಿ ನಡೀತಿಯಲ್ಲ. ಹುಷಾರಿ. ಬಿಸಲೈತಿ, ಲಗೂನ ಮನೀ ಸೇರು" ಎಂದ.

ಮನೆಗೆ ಬಂದು ಗಣಪ್ಪನನ್ನು ಜೋಳದೊಳಗೆ ಹುಗಿದಿಟ್ಟೆ. ಅವನಿಗೆ ಗೊತ್ತಾಯಿತೋ ಇಲ್ಲವೋ? ಗೊತ್ತಾಗಿದ್ದರೆ ಯಾಕೆ ಬಿಟ್ಟ? ಏನೂ ಬೇಡದೆ ಒಬ್ಬ ಗಂಡಸು ಒಬ್ಬ ಹೆಂಗಸಿನ ಗುಟ್ಟು ಕಾಯುತ್ತಾನೆ ಎಂದರೆ ನನಗೆ ನಂಬಿಕೆ ಬರುವುದು ಸಾಧ್ಯವೇ ಇರಲಿಲ್ಲ. ಅವತ್ತಿನಿಂದ ನಾನೇ ಅವನ ಕಾವಲಿಗೆ ಬಿದ್ದೆ. ಅವನು ಕೆಮ್ಮಿದರೆ ಗೋಡೆಗೆ ಕಿವಿ ಕೊಡುತ್ತಿದ್ದೆ. ಸಂಜೆ ನಮ್ಮ ಕಟ್ಟೆಗೆ ಬಂದು ಚಹಾ ಕುಡಿದು ಹೋಗುವುದು ಅವನ ಹಳೇ ರೂಢಿ. ಈಗ ಒಂದೊಂದು ಗುಟುಕಿಗೂ ನನಗೆ ಸಂಶಯ. ಇವತ್ತು ಹೇಳಿಯಾನು, ಇವತ್ತು ಕೇಳಿಯಾನು... ಅವನು ಅತ್ತೆಯ ಜೊತೆ ಹತ್ತಿಯ ದರದ ಮಾತಾಡಿ, "ಬರತೀನಿ ವೈನಿ" ಎಂದು ಎದ್ದು ಹೋಗುತ್ತಿದ್ದ.

ಆ ತಿಂಗಳು ನಾನು ಹೊರಗೆ ಕೂಡಲಿಲ್ಲ. ಮುಂದಿನ ತಿಂಗಳೂ ಕೂಡಲಿಲ್ಲ. ಶಿರೋಳದ ಮಾತು ನಿಂತಿತು. ಗಂಡ ರೋಣದ ಸಂತೆಯಿಂದ ಬೆಂಡು ಬತ್ತಾಸು ತಂದು ನನ್ನ ಕೈಯಲ್ಲೇ ಕೊಟ್ಟ. ನನ್ನಷ್ಟು ಸುಖಿ ಆ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಆಗಲೇ ಸಾಹೇಬನ ಜೀಪು ಮತ್ತೆ ಬಂತು. ಅವನ ಹತ್ತಿರ ಗೂಡಿನ ಫೋಟೋ ಇತ್ತು. ಫೋಟೋದಲ್ಲಿ ಗಣಪ್ಪ ಇದ್ದ, ಗೂಡಿನಲ್ಲಿ ಇರಲಿಲ್ಲ. ಊರಿನ ಮುಂದೆಯೇ ಕೇಳಿದ. ಕಾಕಾ ಕೈ ಕಟ್ಟಿಕೊಂಡು, "ನನಗ ಗೊತ್ತಿಲ್ರಿ ಸಾಹೇಬ್ರ" ಎಂದ.

"ನೀ ದಿನಾ ಇಲ್ಲೇ ಕುಂತಿರತೀ. ಗೊತ್ತಿಲ್ಲಂದ್ರ ಹ್ಯಾಂಗ?"

"ಗೊತ್ತಿಲ್ರಿ."

ಸಾಹೇಬ ಗದರಿಸುವವನಲ್ಲ. ಇಂಥ ಕಲ್ಲುಗಳನ್ನು ಕೊಳ್ಳುವವರು ಹುಟ್ಟಿಕೊಂಡಿದ್ದಾರೆ, ಹೊರಗೆ ಹೋದರೆ ತಿರುಗಿ ಬರುವುದಿಲ್ಲ, ದೀಪಾವಳಿಯ ತನಕ ನೋಡುತ್ತೇನೆ, ಆಮೇಲೆ ನನ್ನ ಕೈಯಲ್ಲಿ ಇರುವುದಿಲ್ಲ ಎಂದು ಹೇಳಿ ಹೋದ.

ಕಲ್ಲಿಗೂ ಕೊಳ್ಳುವವರಿದ್ದಾರೆ ಎಂಬುದು ಊರಿಗೆ ಅವತ್ತೇ ಗೊತ್ತಾದದ್ದು. ಗೊತ್ತಾದ ಕೂಡಲೇ ಎಲ್ಲ ಹೊಂದಿಕೆಯಾಯಿತು. ಕಾಕಾ ಹೋದ ತಿಂಗಳು ರೋಣದಲ್ಲಿ ಯಾರೋ ಪರವೂರಿನವನ ಜೊತೆ ನಿಂತಿದ್ದನಲ್ಲ? ಗದಗಿನ ಬಸ್ಸಿಗೆ ಒಂದು ಗಂಟು ಹಾಕಿದ್ದನಲ್ಲ? ಕಾಲಲ್ಲಿ ಹೊಸ ಚಪ್ಪಲಿ ಬಂದಿದ್ದವಲ್ಲ? ಹಿರಿಯರು ಅವನ ಮನೆ ಹೊಕ್ಕು ಹುಡುಕಿದರು. ಜೋಳದ ಚೀಲ ಸುರುವಿದರು. ಮಗ್ಗದ ಕುಣಿ ಅಗೆದರು. ನಾನು ಗೋಡೆಯ ಈಚೆಗೆ ನಿಂತು ಸಲಿಕೆಯ ಸಪ್ಪಳ ಕೇಳುತ್ತಿದ್ದೆ. ಕಾಕು, ಅಂದರೆ ಅವನ ಹೆಂಡತಿ, ಬಾಯಿ ಬಾಯಿ ಬಡಿದುಕೊಂಡು ಅಳುತ್ತಿದ್ದಳು.

ಓಣಿಯ ಹೆಂಗಸರಲ್ಲಿ ಕೆಲವರು ನನ್ನ ಹೊಟ್ಟೆಯ ಕಡೆ ನೋಡಿ ದೃಷ್ಟಿ ಬೇರೆ ಕಡೆ ಹೊರಳಿಸಿದರು. ತಿಳಿದವರೂ ಆಡುವಂತಿರಲಿಲ್ಲ, ಕಟ್ಟು ಅಂಥದು. ಉಳಿದವರು, ಅಂಥ ಗದರಿಕೆಯ ಕಾವಲಿನವನ ಕಣ್ಣು ತಪ್ಪಿಸಿ ಗಣಪ್ಪನನ್ನು ಒಯ್ಯುವ ಎದೆ ಯಾವ ಹೆಣ್ಣಿಗಿದೆ, ಅವನೇ ಮಾರಿದ್ದು ಎಂದು ಖಾತ್ರಿಯಾಗಿ ನಂಬಿದರು. ಅವನು ಗುಡಿಯನ್ನು ಅಷ್ಟು ಚೆನ್ನಾಗಿ ಕಾಯದಿದ್ದರೆ ಅವನ ಮೇಲೆ ಅಷ್ಟು ಸಂಶಯ ಬರುತ್ತಿರಲಿಲ್ಲ.

ರಾತ್ರಿಯೆಲ್ಲ ಯೋಚಿಸಿದೆ. ಮರುದಿನ ಮಧ್ಯಾಹ್ನ ಗಣಪ್ಪನನ್ನು ತೆಗೆದು ಉಡಿಗೆ ಹಾಕಿಕೊಂಡೆ. ಅತ್ತೆ ಬಾಗಿಲಿಗೆ ಅಡ್ಡ ಬಂದು, "ಹುಚ್ಚೀ, ಬಸರ ಇಳಸ್ಕೋತಿಯೇನು?" ಎಂದಳು. ಸರಿಸಿ ಹೋದೆ. ಹೊಟ್ಟೆಯ ಮೇಲೊಂದು ಕೈ, ಉಡಿಯ ಮೇಲೊಂದು ಕೈ. ಗುಡಿಯ ತನಕದ ಆ ದಾರಿ ಈಗಲೂ ಕನಸಿನಲ್ಲಿ ಬರುತ್ತದೆ.

ಕಾಕಾ ಮಂಟಪದ ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ಅಡ್ಡ ನಿಂತ.

"ಏನವಾ, ಮತ್ತ ಜ್ವಾಳೇನು?"

"ಕಾಕಾ, ತಗೋರಿ... ನನ್ನ ಸಲುವಾಗಿ ನೀವು..."

"ನನಗೇನೂ ಕಾಣವಲ್ದು. ಮನಿಗೆ ನಡಿ."

"ಹಂಗಲ್ರಿ ಕಾಕಾ—"

"ಹೆಸರಿಡೂತನಕ ಈ ಕಡಿ ಹಣಿಕಿ ಹಾಕಬ್ಯಾಡ. ನಾ ಕಾವಲಿನವ ಅದೀನೋ ಇಲ್ಲೋ? ಒಳಗ ಬಿಡೂದಿಲ್ಲಂದ್ರ ಬಿಡೂದಿಲ್ಲ."

ಅಷ್ಟು ಹೇಳಿ ಬೆನ್ನು ತಿರುಗಿಸಿದ. ಕೋಟಿನ ಬೆನ್ನ ತುಂಬ ಬಾವಲಿ ಹಿಕ್ಕೆ ಬಿದ್ದಿತ್ತು. ಸತ್ಯ ಹೇಳಬೇಕೆಂದರೆ ಆಗಲೂ ನನ್ನ ಸಂಶಯ ಹೋಗಲಿಲ್ಲ. ಇವನು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ, ಮುಂದೆ ಯಾವತ್ತೋ ಒಂದು ದಿನ ಬಡ್ಡಿ ಸಮೇತ ಕೇಳುತ್ತಾನೆ ಎಂದೇ ಮನೆಗೆ ಬಂದೆ.

ದೀಪಾವಳಿ ಬಂತು. ಕಾಕಾ ಖಾಕಿ ಕೋಟನ್ನು ಒಗೆದು ಮಡಚಿ ಸಾಹೇಬನಿಗೆ ಒಪ್ಪಿಸಿದ. ಪೊಲೀಸರಿಗೆ ಕೊಡಬೇಡಿ ಎಂದು ಹಿರಿಯರೇ ಕೈಮುಗಿದದ್ದರಿಂದ ಅಷ್ಟಕ್ಕೇ ಮುಗಿಯಿತು. ಊರ ಮಾನದ ಪ್ರಶ್ನೆ. ನರಗುಂದದ ಕಡೆಯ ಒಬ್ಬ ಹುಡುಗ ಹೊಸ ಕಾವಲಿನವನಾಗಿ ಬಂದ. ಅವನಿಗೆ ನಿದ್ದೆ ಬಹಳ.

ನನಗೆ ಗಂಡು ಹುಟ್ಟಿತು. ಹೆಸರಿಟ್ಟ ಮೇಲೆ, ಹೊರಗೆ ಹೋಗಲು ಬಿಟ್ಟ ಕೂಡಲೇ ಗಣಪ್ಪನನ್ನು ಅವನ ಗೂಡಿನಲ್ಲಿ ಕೂಡಿಸಿ ಬಂದೆ. ಹುಡುಗ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ಇನ್ನಾದರೂ ಕಾಕಾನ ಹೆಸರು ತಿಳಿಯಾಯಿತು, ವಸ್ತುವೇ ಸಿಕ್ಕ ಮೇಲೆ ಕಳವೆಲ್ಲಿ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು! ಅಷ್ಟು ವರ್ಷ ಆ ಊರಿನಲ್ಲಿ ಇದ್ದೂ ಆ ಊರು ನನಗೆ ತಿಳಿದಿರಲಿಲ್ಲ. ಗಣಪ್ಪ ಕಂಡದ್ದೇ ಎಲ್ಲರ ಬಾಯಲ್ಲೂ ಒಂದೇ ಮಾತು, ಗಿರಾಕಿ ಸಿಗದೆ ತಂದಿಟ್ಟಿದ್ದಾನೆ, ಪಾಪಕ್ಕೆ ಹೆದರಿ ತಂದಿಟ್ಟಿದ್ದಾನೆ. ಅಲ್ಲಿಯ ತನಕ ಸಂಶಯವಿತ್ತು. ಗಣಪ್ಪ ತಿರುಗಿ ಬಂದ ಮೇಲೆ ಸಂಶಯ ಹೋಗಿ ಖಾತ್ರಿಯಾಯಿತು.

ಬರೀ ಬೈಗುಳವಾದರೆ ಕಾಕಾ ತಡೆದುಕೊಳ್ಳುತ್ತಿದ್ದ. ಆದರೆ ಅವನ ಹಾಸಿನ ಕೆಲಸಕ್ಕೆ ಯಾರೂ ಬರಲಿಲ್ಲ. ನೌಕರಿ ಹೋದ ಮೇಲೆ ಮೊಣಕಾಲು ನೋವಿನಲ್ಲೇ ಮತ್ತೆ ಮಗ್ಗಕ್ಕೆ ಕೂತಿದ್ದ. ಬಯಲಲ್ಲಿ ಗೂಟ ಹೊಡೆದು, ಹಾಸು ಎಳೆದು, ಗಂಜಿ ಕಲಸಿ ಮನೆ ಮನೆಗೆ ಹೋಗಿ ಕರೆದ. ಬರುತ್ತೇವೆ ಎಂದರು, ಬರಲಿಲ್ಲ. ನನ್ನ ಗಂಡನೂ ಹೋಗಲಿಲ್ಲ. ಅವನಿಗೇನು ಗೊತ್ತು? ನಾನು ಹೇಳುವಂತಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಆ ತುದಿಯಿಂದ ಈ ತುದಿಗೆ ಓಡಾಡಿದರು. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಸು ಹಾಳಾಯಿತು. ನಾನು ಕೂಸನ್ನು ಎತ್ತಿಕೊಂಡು ಹಿತ್ತಲಿನಿಂದ ನೋಡುತ್ತ ನಿಂತಿದ್ದೆ.

ಆ ವಾರವೇ ಅವರು ಊರು ಬಿಟ್ಟರು. ಹೋಗುವ ಮುಂಚೆ ಕಾಕಾ ನಮ್ಮ ಕಟ್ಟೆಗೆ ಬಂದ. ಅತ್ತೆ ಚಹಾ ಮಾಡಲು ಒಳಗೆ ಹೋದಳು. ಬೇಕೆಂದೇ ಹೋದಳು. ನಾನು ಕೂಸನ್ನು ತಂದು ಅವನ ಮಡಿಲಲ್ಲಿ ಹಾಕಿದೆ. ಸೆರಗು ಗಿರಗು ಎಲ್ಲ ಮರೆತು, "ನಾ ಹೇಳಿಬಿಡತೀನಿ ಕಾಕಾ. ಇವತ್ತs ಊರ ಕಟ್ಟೀಗೆ ಹೋಗಿ ಎಲ್ಲಾರ ಮುಂದ ಹೇಳತೀನಿ" ಎಂದೆ.

ಅವನು ಕೂಸಿನ ಮುಖ ನೋಡುತ್ತಿದ್ದ. "ನಮ್ಮ ಮನ್ಯಾಕೀನೂ ಒಮ್ಮಿ ಗಣಪ್ಪನ್ನ ತಂದಿದ್ದಳವಾ. ನಾ ಖುಷಿ ತಡೀಲಾರದ ದೋಸ್ತನ ಮುಂದ ಆಡಿದ್ನಿ. ಆರು ತಿಂಗಳ ಕೂಸು, ಒಂದs ರಾತ್ರ್ಯಾಗ ಹೋತು" ಎಂದ.

ನಾನು ಕೂಸನ್ನು ಅವನ ಮಡಿಲಿನಿಂದ ತಿರುಗಿ ಎತ್ತಿಕೊಂಡೆ.

"ನಿಮ್ಮ ಕಟ್ಟು ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಪರೀಕ್ಷಾ ಮಾಡಿ ನೋಡಾಕ ಈ ಕೂಸs ಬೇಕೇನು? ಸುಮ್ಮಕಿರು. ಇಂವಾ ಇರೂತನಕ ಸುಮ್ಮಕಿರು."

ಚಹಾ ಬಂತು. ಕುಡಿದ. "ಬರತೀನಿ ವೈನಿ" ಎಂದು ಎದ್ದ. ಆಮೇಲೆ ಅವನನ್ನು ನಾನು ನೋಡಲಿಲ್ಲ. ಹೊಳೆಮಣ್ಣೂರಿನ ಕಡೆ ಯಾರದೋ ಹೊಲದಲ್ಲಿ ಕೂಲಿಗೆ ನಿಂತಿದ್ದಾನೆ ಎಂದು ಒಬ್ಬರು ಹೇಳಿದರು. ಹೊಳೆ ಉಕ್ಕಿ ಬಂದ ವರ್ಷ ಅಲ್ಲಿಂದಲೂ ಎದ್ದರು ಎಂದು ಇನ್ನೊಬ್ಬರು ಹೇಳಿದರು... ಮುಂದೆ ಹೇಳುವವರೂ ಸಿಗಲಿಲ್ಲ.

ನಾವೂ ಆ ಊರು ಬಿಟ್ಟು ಗಜೇಂದ್ರಗಡಕ್ಕೆ ಬಂದು ಒಂದು ಕಾಲವಾಯಿತು. ಗೋದಾಮಿನ ಬಾಗಿಲು ತೆಗೆದ ಮರುವಾರ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಬಂದೆ. ಗುಡಿಯ ಸುತ್ತ ಕಬ್ಬಿಣದ ಬೇಲಿ, ಹಸಿರು ಹುಲ್ಲು. ಬಾವಲಿಗಳಿಲ್ಲ. ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಹೊರಗಿನಿಂದ ನೋಡಲು ಬಂದವರು ಹೊಗಳುತ್ತಿದ್ದರು. ಗೂಡು ಖಾಲಿಯಿತ್ತು. ಗಣಪ್ಪ ಎಲ್ಲಿ ಎಂದು ಕಾವಲಿನ ಹುಡುಗನನ್ನು ಕೇಳಿದೆ. ಕಳುವಾಗಬಾರದು ಎಂದು ಎಂದೋ ಬೇರೆ ಊರಿಗೆ ಒಯ್ದು ಕೀಲಿ ಹಾಕಿ ಇಟ್ಟಿದ್ದಾರಂತೆ. ಇರಬಹುದು. ನನಗೆ ಅದರ ಮೇಲೂ ಪೂರ್ತಿ ನಂಬಿಕೆಯಿಲ್ಲ.

ಹುಡುಗನನ್ನು ಹತ್ತಿರ ಕರೆದು, ಹಿಂದೆ ಇಲ್ಲಿ ಒಬ್ಬ ಕಾಕಾ ಕಾವಲಿಗಿದ್ದ, ಅವನು ಕಳ್ಳನಲ್ಲ, ಗಣಪ್ಪನನ್ನು ಒಯ್ದವಳು ನಾನು ಎಂದು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. "ಯಾವ ಕಾಕಾರಿ ಆಯಿ?" ಎಂದ ಅವನು. ಕಟ್ಟೆಯ ಮೇಲಿದ್ದ ಮುದುಕರನ್ನೂ ಕೇಳಿದೆ. ಬೈದವರು ಉಳಿದಿಲ್ಲ, ಹಾಸಿನ ಕೆಲಸಕ್ಕೆ ಬರದವರು ಉಳಿದಿಲ್ಲ. ಒಬ್ಬನಿಗೂ ಕಾಕಾನ ನೆನಪಿರಲಿಲ್ಲ. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ, ಅವಳ ಮುಖದಲ್ಲಿ ಅವಳಪ್ಪನೇ ಕಂಡ.

ಹೋದ ಚೈತ್ರದಲ್ಲಿ ನನ್ನ ಮಗ ತೀರಿಕೊಂಡ. ಇನ್ನು ನನ್ನ ಬಾಯಿಗೆ ಕಟ್ಟಿಲ್ಲ. ಕಾಕಾನ ಹೆಸರು ತೊಳೆಯುವ ಮಾತನ್ನು ಎಲ್ಲಿ ಬೇಕಾದರೂ, ಯಾರ ಮುಂದೆ ಬೇಕಾದರೂ ಆಡಬಹುದು. ಆಡುವ ದಿನ ನನ್ನ ಪಾಲಿಗೆ ಬರದೇ ಇರಲಿ ಎಂದು ನಾನು ದಿನವೂ ಬೇಡಿಕೊಂಡಿದ್ದೆ.